ಪೈಥಾನ್ ಆಬ್ಜೆಕ್ಟ್‌ಗಳ ಸಾಕೆಟ್ ರವಾನೆ

ಪೈಥಾನ್ ಪ್ರೋಗ್ರಾಮೊಂದು ತನ್ನ ಮೆಮೊರಿಯಲ್ಲಿ ಕಟ್ಟಿಕೊಂಡ ಮಾಹಿತಿಯನ್ನು, ಅಂದರೆ ಆಬ್ಜೆಕ್ಟುಗಳನ್ನು, ಬೈಟುಗಳ ಸಾಲಾಗಿ ಮಾಡಿ, ಜಾಲದ ಮೂಲಕ ಬೇರೊಂದು ಪ್ರೋಗ್ರಾಮಿಗೆ ಕಳಿಸಿ, ಅಲ್ಲಿ ಮೊದಲಿನ ರೂಪಕ್ಕೆ ತರುವ ವಿಧಾನ. ಬೈಟುಗಳ ಸಾಲಾಗಿ ಮಾಡುವ ಕೆಲಸಕ್ಕೆ ಸರಣೀಕರಣ ಎಂದು ಹೆಸರು. ಪೈಥಾನಿನಲ್ಲಿ ಇದಕ್ಕೆಂದೇ ಇರುವ ಮಾಡ್ಯೂಲು ಪಿಕಲ್. ಜಾಲದ ತುದಿಯಾಗಿ ಪ್ರೋಗ್ರಾಮಿಗೆ ಸಿಗುವುದು ಸಾಕೆಟ್. ಇವೆರಡೂ ಭಾಷೆಯ ಜೊತೆಗೇ ಬರುತ್ತವೆ. ಒಂದಕ್ಕೊಂದು ಜೋಡಿಸಲು ಹತ್ತು ಸಾಲಿನ ಪ್ರೋಗ್ರಾಮು ಸಾಕು. ಆ ಹತ್ತು ಸಾಲುಗಳಲ್ಲಿ ನುಸುಳುವ ತಪ್ಪುಗಳೇ ಈ ವಿಷಯದ ಮುಖ್ಯ ಭಾಗ.

ಆಬ್ಜೆಕ್ಟನ್ನು ಇದ್ದಂತೆಯೇ ಕಳಿಸಲು ಬಾರದು. ಅದರ ಒಳಗಿರುವುದು ಬಹುಪಾಲು ಮೆಮೊರಿಯ ವಿಳಾಸಗಳು, ಮತ್ತು ಒಂದು ಯಂತ್ರದ ವಿಳಾಸಕ್ಕೆ ಇನ್ನೊಂದರಲ್ಲಿ ಅರ್ಥವಿಲ್ಲ. ಮೈಸೂರು ಜಿಲ್ಲೆಯ ಹೊಗೆಸೊಪ್ಪಿನ ಸೀಮೆಯಿಂದ ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ ತಾಲ್ಲೂಕಿನ ಕಂಪಲಾಪುರ, ಎಚ್.ಡಿ.ಕೋಟೆ ಮುಂತಾದ ಹರಾಜು ಮಾರುಕಟ್ಟೆಗಳಿಗೆ ಬರುವ ಪ್ರತಿ ಬೇಲ್‌ಗೂ ಒಂದು ಸಂಖ್ಯೆ, ತೂಕ, ದರ್ಜೆ, ಕೆ.ಜಿ.ಗೆ ಇಷ್ಟು ಎಂಬ ದರ, ಅದನ್ನು ತಂದ ಬೆಳೆಗಾರ ಇರುತ್ತಾರೆ. ಪ್ರೋಗ್ರಾಮಿನಲ್ಲಿ ಬೇಲ್ ಒಂದು ಆಬ್ಜೆಕ್ಟಾದರೆ, ಬೆಳೆಗಾರ ಇನ್ನೊಂದು. ಒಬ್ಬನೇ ಬೆಳೆಗಾರ ಮೂರು ಬೇಲ್ ತಂದಿದ್ದರೆ ಮೂರೂ ಒಂದೇ ಬೆಳೆಗಾರ-ಆಬ್ಜೆಕ್ಟಿನ ಕಡೆ ಬೆರಳು ತೋರಿಸುತ್ತವೆ. ಇದು ವಿವರಣೆಗಾಗಿ ಕಟ್ಟಿಕೊಂಡ ಮಾದರಿ. ಈ ಹರಾಜು ನಡೆಸುವ ತಂಬಾಕು ಮಂಡಳಿಯ ಗಣಕ ವ್ಯವಸ್ಥೆಯ ವರ್ಣನೆಯಲ್ಲ. ಬೆರಳು ತೋರಿಸುವ ಈ ಸಂಬಂಧ ಕೆಡದಂತೆ ಮೂರು ಬೇಲ್‌ಗಳ ವಿವರ ದಾಟಿಸುವುದು ಹೇಗೆ ಎಂಬುದು ಸರಣೀಕರಣದ ಪ್ರಶ್ನೆ. ಅವು ಎಲ್ಲಿ ಶುರುವಾಗಿ ಎಲ್ಲಿ ಮುಗಿದವು ಎಂದು ಆಚೆಯವನಿಗೆ ತಿಳಿಯುವುದು ಹೇಗೆ ಎಂಬುದು ಸಾಕೆಟ್ಟಿನ ಪ್ರಶ್ನೆ.

ಹಿನ್ನೆಲೆ

ಎರಡು ವಿದ್ಯೆಗಳಲ್ಲಿ ಸಾಕೆಟ್ ಹಿರಿಯದು. ಜಾಲದಲ್ಲಿ ಬೈಟುಗಳನ್ನು ಸಾಗಿಸುವ ಟಿಸಿಪಿ ನಿಯಮಾವಳಿಯ ಪ್ರಮಾಣಿತ ದಾಖಲೆ 1981ರ ಸೆಪ್ಟೆಂಬರಿನಲ್ಲಿ ಬಂತು. 2022ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆ 1983ರಲ್ಲಿ ಹೊರತಂದ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ಸಾಕೆಟ್ ಎಂಬ ಏರ್ಪಾಡು ಕಾಣಿಸಿಕೊಂಡಿತು. ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ 1989ರ ಡಿಸೆಂಬರಿನಲ್ಲಿ ಆರಂಭಿಸಿ 1991ರಲ್ಲಿ ಹೊರಬಿಟ್ಟ ಪೈಥಾನ್, ಸಾಕೆಟ್ಟಿನ ಬರ್ಕ್ಲಿ ಹೆಸರುಗಳನ್ನೇ ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡಿದೆ.

ಪಿಕಲ್ ಆಮೇಲಿನದು. ಅದರ ವೇಗದ ಸಿ ರೂಪವನ್ನು ಬರೆದವರು ಜಿಮ್ ಫುಲ್ಟನ್. ಬೈಟುಗಳನ್ನು ಜೋಡಿಸುವ ಕ್ರಮಕ್ಕೆ ಈವರೆಗೆ ಆರು ಆವೃತ್ತಿಗಳಿವೆ, ಎಣಿಕೆ ಸೊನ್ನೆಯಿಂದ ಶುರು. ಸೊನ್ನೆಯದು ಕಣ್ಣಿಗೆ ಓದಲು ಬರುವ ಅಕ್ಷರಗಳದ್ದು. 1 ಹಳೆಯ ಬೈನರಿ. 2 ಪೈಥಾನ್ 2.3ರ ಜೊತೆ, 3 ಪೈಥಾನ್ 3.0ರ ಜೊತೆ, 4 ಪೈಥಾನ್ 3.4ರ ಜೊತೆ, 5 ಪೈಥಾನ್ 3.8ರ ಜೊತೆ ಬಂದವು. ಏನೂ ಹೇಳದಿದ್ದರೆ ಪೈಥಾನ್ 3.8ರಿಂದ 3.13ರವರೆಗೆ ನಾಲ್ಕನೆಯದು, 2025ರ ಅಕ್ಟೋಬರಿನಲ್ಲಿ ಬಂದ 3.14ರಿಂದ ಐದನೆಯದು ಬಳಕೆಯಾಗುತ್ತದೆ. ಹಳೆಯ ಪೈಥಾನಿಗೆ ಹೊಸ ಆವೃತ್ತಿ ಓದಲು ಬರುವುದಿಲ್ಲ, 2.7ಕ್ಕೆ ಎರಡರಾಚೆ ಗೊತ್ತೇ ಇಲ್ಲ. ಎರಡೂ ತುದಿಯಲ್ಲಿ ಒಂದೇ ಪೈಥಾನ್ ಇಲ್ಲದ ಕಡೆ ಆವೃತ್ತಿ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದೇ ಸರಿ.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಎರಡು ವಿದ್ಯೆಗಳೂ ಬಿಡಿಬಿಡಿಯಾಗಿ ಪರಿಚಿತ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದ ಜಾಲ ಪ್ರಯೋಗಾಲಯದಲ್ಲಿ, ಕ್ಲೈಂಟ್ ಕಡತದ ಹೆಸರು ಕಳಿಸಿದರೆ ಸರ್ವರ್ ಆ ಕಡತದ ಒಳಗಿನದನ್ನು ಹಿಂದಿರುಗಿಸುವ ಟಿಸಿಪಿ ಸಾಕೆಟ್ ಪ್ರಯೋಗವಿತ್ತು; ಭಾಷೆ ಜಾವಾ. ಅದೇ ಪಠ್ಯಕ್ರಮದ ಪೈಥಾನ್ ವಿಷಯದಲ್ಲಿ ಆಬ್ಜೆಕ್ಟುಗಳನ್ನು ಕಡತದಲ್ಲಿ ಉಳಿಸುವ ಶೆಲ್ವ್ ಮಾಡ್ಯೂಲಿತ್ತು, ಅದರ ಒಳಗೆ ಕೆಲಸ ಮಾಡುವುದು ಪಿಕಲ್ಲೇ.

ಪಿಕಲ್ಲಿನ ಒಳಗೆ

ಪಿಕಲ್ ಮಾಡಿದ ಬೈಟುಗಳನ್ನು ಮಾಹಿತಿಯೆಂದು ಭಾವಿಸುವವರು ಬಹಳ. ಅವು ಬರೀ ಮಾಹಿತಿಯಲ್ಲ, ಆಜ್ಞೆಗಳು. ಒಂದು ಪುಟ್ಟ ಯಂತ್ರಕ್ಕೆ ಹೇಳುವ ಅಪ್ಪಣೆಗಳು, ಅವುಗಳಿಗೆ ಬೇಕಾದ ಮೌಲ್ಯಗಳು ಅಲ್ಲಿರುತ್ತವೆ: ಈ ಅಂಕೆಯನ್ನು ರಾಶಿಯ ಮೇಲಿಡು, ಈ ಪಠ್ಯವನ್ನು ಇಡು, ಮೇಲಿನ ಎರಡನ್ನು ಸೇರಿಸಿ ಡಿಕ್ಷನರಿ ಮಾಡು, ಇಂಥ ಮಾಡ್ಯೂಲಿನಿಂದ ಇಂಥ ಹೆಸರಿನದನ್ನು ತಾ, ಅದನ್ನು ಈ ಮೌಲ್ಯಗಳೊಂದಿಗೆ ಕರೆ, ನಿಲ್ಲಿಸು. ಕೊನೆಯ ಅಪ್ಪಣೆ ಯಾವಾಗಲೂ ಒಂದು ಚುಕ್ಕಿ. ಪಿಕಲ್‌ಟೂಲ್ಸ್ ಮಾಡ್ಯೂಲಿಗೆ ಬೈಟುಗಳನ್ನು ಕೊಟ್ಟರೆ ಈ ಅಪ್ಪಣೆಗಳನ್ನೆಲ್ಲ ಸಾಲುಸಾಲಾಗಿ ತೋರಿಸುತ್ತದೆ, ಆದರೆ ನಡೆಸುವುದಿಲ್ಲ. ಕಲಿಯುವವರು ಒಮ್ಮೆ ಅದನ್ನು ನೋಡಿದರೆ ಮುಂದೆ ಬರುವ ಅಪಾಯದ ಮಾತು ತಾನಾಗಿ ಅರ್ಥವಾಗುತ್ತದೆ.

ಮೂರು ಬೇಲ್, ಒಬ್ಬ ಬೆಳೆಗಾರ ಎಂಬ ಸಂಬಂಧ ಇಲ್ಲಿ ಸುಲಭವಾಗಿ ಉಳಿಯುತ್ತದೆ. ಬೆಳೆಗಾರ-ಆಬ್ಜೆಕ್ಟು ಮೊದಲ ಸಲ ಬಂದಾಗ ಪಿಕಲ್ ಅದಕ್ಕೊಂದು ಸಂಖ್ಯೆ ಕೊಟ್ಟು ನೆನಪಿಡುತ್ತದೆ. ಎರಡನೇ, ಮೂರನೇ ಬೇಲ್ ಬಂದಾಗ ಆ ಸಂಖ್ಯೆಯನ್ನಷ್ಟೇ ಬರೆಯುತ್ತದೆ. ಬೆಳೆಗಾರನ ಒಳಗೆ ಬೇಲ್‌ಗಳ ಪಟ್ಟಿಯಿದ್ದು, ಬೇಲ್‌ನ ಒಳಗೆ ಮತ್ತೆ ಬೆಳೆಗಾರನಿದ್ದರೂ ಅದು ಸುತ್ತು ಬಿದ್ದು ಒದ್ದಾಡುವುದಿಲ್ಲ.

ಆಬ್ಜೆಕ್ಟಿನ ಅಚ್ಚಾದ ಕ್ಲಾಸಿನ ಕೋಡು ಮಾತ್ರ ಬೈಟುಗಳಲ್ಲಿ ಹೋಗುವುದಿಲ್ಲ. ಹೋಗುವುದು ಮಾಡ್ಯೂಲಿನ ಹೆಸರು, ಕ್ಲಾಸಿನ ಹೆಸರು, ಒಳಗಿನ ಮೌಲ್ಯಗಳು. ಕಳಿಸುವ ಹುಣಸೂರಿನ ಯಂತ್ರದಲ್ಲಿ ಬೇಲ್ ಎಂಬ ಕ್ಲಾಸನ್ನು ನೇರವಾಗಿ ಓಡಿಸುವ ಕಡತದಲ್ಲೇ ಬರೆದಿದ್ದರೆ, ಪಡೆಯುವ ಮೈಸೂರಿನ ಯಂತ್ರ ಅದನ್ನು ಬಿಚ್ಚುವಾಗ ಅಂಥ ಕ್ಲಾಸು ನನ್ನಲ್ಲಿಲ್ಲ ಎಂದು ದೋಷ ಎಸೆಯುತ್ತದೆ. ಕ್ಲಾಸನ್ನು ಪ್ರತ್ಯೇಕ ಮಾಡ್ಯೂಲಿನಲ್ಲಿಟ್ಟು, ಅದರ ಒಂದೇ ಪ್ರತಿ ಎರಡೂ ಕಡೆ ಇರುವಂತೆ ನೋಡಿಕೊಳ್ಳಬೇಕು. ಒಂದು ಕಡೆ ತೇವಾಂಶ ಎಂಬ ಹೊಸ ಅಂಶ ಸೇರಿಸಿ ಇನ್ನೊಂದು ಕಡೆ ಮರೆತರೆ ದೋಷ ಬಿಚ್ಚುವಾಗ ಕಾಣುವುದಿಲ್ಲ. ಎಷ್ಟೋ ಹೊತ್ತಿನ ನಂತರ, ಬೇರೆಲ್ಲೋ ಕಾಣುತ್ತದೆ.

ತೆರೆದ ಕಡತ, ಸಾಕೆಟ್, ಲಾಕ್, ಜನರೇಟರ್, ಲ್ಯಾಂಬ್ಡಾ ಇವನ್ನು ಪಿಕಲ್ ಒಪ್ಪುವುದಿಲ್ಲ. ಲ್ಯಾಂಬ್ಡಾಗೆ ಹುಡುಕಲು ಹೆಸರಿಲ್ಲ, ಉಳಿದವಕ್ಕೆ ತಮ್ಮ ಪ್ರೋಗ್ರಾಮಿನ ಆಚೆ ಬದುಕಿಲ್ಲ, ಹಾಗಾಗಿ ಈ ನಿರಾಕರಣೆ ನ್ಯಾಯವೇ.

ಎಲ್ಲಿಂದ ಎಲ್ಲಿಗೆ

ಟಿಸಿಪಿ ಬೈಟುಗಳನ್ನು ಕಳೆಯದೆ, ಕ್ರಮ ಕೆಡಿಸದೆ ಮುಟ್ಟಿಸುತ್ತದೆ. ಸಂದೇಶ ಎಂಬ ಕಲ್ಪನೆ ಅದಕ್ಕಿಲ್ಲ. ಕೆ.ಆರ್.ನಗರದ ಕಡೆ ಹರಿಯುವ ಚಾಮರಾಜ ನಾಲೆಗೆ ಮೇಲುಗಡೆ ಒಬ್ಬ ಮೂರು ಕೊಡ ನೀರು ಸುರಿದರೆ, ಕೆಳಗಡೆ ಇದು ಎರಡನೇ ಕೊಡದ್ದು ಎಂದು ಯಾರೂ ಬೇರ್ಪಡಿಸಲಾರರು, ಟಿಸಿಪಿಯೂ ಹಾಗೆಯೇ. ಮೂರು ಸಲ ಕಳಿಸಿದ್ದು ಒಂದೇ ಸಲಕ್ಕೆ ಬರಬಹುದು, ಒಂದು ಸಲ ಕಳಿಸಿದ್ದು ಐದು ತುಂಡಾಗಿ ಬರಬಹುದು.

ಹೊಸಬರ ಪ್ರೋಗ್ರಾಮುಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇಲ್ಲೇ ಇದೆ. 4096 ಬೈಟು ಕೊಡು ಎಂದು ರಿಸೀವ್ ಕರೆದು, ಬಂದದ್ದನ್ನು ನೇರ ಪಿಕಲ್ಲಿಗೆ ಒಪ್ಪಿಸುತ್ತಾರೆ. 4096 ಎಂಬುದು ಗರಿಷ್ಠ ಮಿತಿ, ಭರವಸೆಯಲ್ಲ. ಎರಡೂ ಪ್ರೋಗ್ರಾಮುಗಳು ಒಂದೇ ಲ್ಯಾಪ್‌ಟಾಪಿನಲ್ಲಿ ಓಡುವಾಗ ಸಣ್ಣ ಆಬ್ಜೆಕ್ಟುಗಳು ಒಂದೇ ತುಂಡಾಗಿ ಬಂದುಬಿಡುತ್ತವೆ. ಲಿನಕ್ಸ್‌ನಲ್ಲಿ ಆ ಒಳದಾರಿಯ ಪೊಟ್ಟಣದ ಮಿತಿ 65,536 ಬೈಟು. ನಿಜವಾದ ಈಥರ್ನೆಟ್ ಜಾಲದಲ್ಲಿ ಅದು 1500, ತಲೆಬರಹಗಳನ್ನು ಕಳೆದರೆ ಟಿಸಿಪಿಗೆ ಉಳಿಯುವುದು 1460. ಕೋಣೆಯಲ್ಲಿ ತಿಂಗಳುಗಟ್ಟಲೆ ಓಡಿದ ಪ್ರೋಗ್ರಾಮು ಎಚ್.ಡಿ.ಕೋಟೆಯ ಕಾಡಂಚಿನ ಮೊಬೈಲ್ ಸಂಪರ್ಕದ ಮೇಲೆ ಮೊದಲ ದಿನವೇ ಕೈಕೊಡುವುದು ಈ ಕಾರಣಕ್ಕೆ. ದೂರನ್ನು ಸಾಮಾನ್ಯವಾಗಿ ಸಿಗ್ನಲ್ ಮೇಲೆ ಹೊರಿಸುತ್ತಾರೆ.

ಪರಿಹಾರ ಹಳೆಯದು, ಸರಳವಾದದ್ದು. ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು ನಿಗದಿತ ನಾಲ್ಕು ಬೈಟುಗಳಲ್ಲಿ ಬರೆಯುವುದು. ಸ್ಟ್ರಕ್ಟ್ ಮಾಡ್ಯೂಲಿನಿಂದ ಜಾಲದ ಕ್ರಮದಲ್ಲಿ, ಅಂದರೆ ದೊಡ್ಡ ಬೆಲೆಯ ಬೈಟು ಮೊದಲು ಬರುವಂತೆ ಬರೆದರೆ ಯಾವ ಯಂತ್ರವಾದರೂ ಓದುತ್ತದೆ. ಪಡೆಯುವವನು ಮೊದಲು ನಾಲ್ಕು ಬೈಟು ಪೂರ್ತಿ ಸೇರುವವರೆಗೆ ಸುತ್ತು ಹಾಕಿ ಓದುತ್ತಾನೆ, ಆಮೇಲೆ ಅಲ್ಲಿ ಹೇಳಿದಷ್ಟು ಬೈಟು ಸೇರುವವರೆಗೆ ಮತ್ತೆ ಸುತ್ತು. ನಡುವೆ ಖಾಲಿ ಬೈಟು ಬಂದರೆ ಆಚೆಯವನು ಸಂಪರ್ಕ ಮುಚ್ಚಿದ್ದಾನೆ ಎಂದರ್ಥ. ಕಳಿಸುವವನು ಸೆಂಡ್ ಬಿಟ್ಟು ಸೆಂಡ್‌ಆಲ್ ಬಳಸಬೇಕು. ಸೆಂಡ್ ಕೊಟ್ಟಿದ್ದರಲ್ಲಿ ಅರ್ಧ ಮಾತ್ರ ಕಳಿಸಿ ಸುಮ್ಮನಾಗಬಹುದು.

ನಾಲ್ಕು ಬೈಟುಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಉದ್ದ 4,29,49,67,295. ಯಾರೋ ಕಿಡಿಗೇಡಿ ಆ ಸಂಖ್ಯೆಯನ್ನೇ ಕಳಿಸಿದರೆ ಸರ್ವರ್ ನಾಲ್ಕು ಗಿಗಾಬೈಟಿಗಾಗಿ ಕಾಯುತ್ತ ಕೂರುತ್ತದೆ. ಒಂದು ಬೇಲ್‌ನ ದಾಖಲೆ ಒಂದು ಕಿಲೋಬೈಟ್ ದಾಟುವುದಿಲ್ಲ ಎಂದು ಗೊತ್ತಿದ್ದರೆ, ಅದಕ್ಕಿಂತ ಬಹಳ ಹೆಚ್ಚಿನ ಉದ್ದ ಕಂಡ ಕೂಡಲೇ ಸಂಪರ್ಕ ಕಡಿಯುವುದು ಬುದ್ಧಿವಂತಿಕೆ. ಕಾಯುವ ಅವಧಿಗೂ ಮಿತಿ ಹಾಕಬೇಕು.

ಉದ್ದದ ಬದಲು ಸಾಲಿನ ಕೊನೆಯ ಗುರುತನ್ನು ಗಡಿಯಾಗಿಡುವ ಪದ್ಧತಿಯೂ ಇದೆ. ಪಿಕಲ್ಲಿನ ಬದಲು ಬಳಸಬಹುದಾದ, ಪಠ್ಯರೂಪದ ಜೆಸನ್ನಿಗೆ ಅದು ಹೊಂದುತ್ತದೆ, ಏಕೆಂದರೆ ಅದರ ಪಠ್ಯದೊಳಗೆ ಸಾಲುಮುರಿತ ಬಂದರೆ ಬೇರೆ ಗುರುತಾಗಿ ಬದಲಾಗಿರುತ್ತದೆ. ಪಿಕಲ್ಲಿನ ಬೈಟುಗಳಲ್ಲಿ ಆ ಗುರುತು ಎಲ್ಲಿ ಬೇಕಾದರೂ ಬರಬಹುದಾದ್ದರಿಂದ ಅಲ್ಲಿ ಅದು ನಡೆಯುವುದಿಲ್ಲ.

ಕನ್ನಡ ಅಕ್ಷರ, ಬೈಟಿನ ಲೆಕ್ಕ

ಇಂಗ್ಲಿಷ್ ಪಠ್ಯವನ್ನಷ್ಟೇ ಕಳಿಸುವವರಿಗೆ ಎದುರಾಗದ ತೊಡಕೊಂದು ಕನ್ನಡದಲ್ಲಿ ಎದುರಾಗುತ್ತದೆ. ಯೂನಿಕೋಡ್‌ನ ಕನ್ನಡ ಖಂಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು. ಹುಣಸೂರು ಎಂಬ ಪದದಲ್ಲಿ ವ್ಯಂಜನ, ಸ್ವರಚಿಹ್ನೆಗಳೆಲ್ಲ ಸೇರಿ ಏಳು ಸಂಕೇತ. ಪೈಥಾನಿಗೆ ಉದ್ದ ಕೇಳಿದರೆ 7 ಎನ್ನುತ್ತದೆ; ಸಾಕೆಟ್ಟಿನಲ್ಲಿ ಹೋಗುವುದು 21. ಪಠ್ಯದ ಉದ್ದವನ್ನೇ ಮುಂದೆ ಬರೆದು ಕಳಿಸಿದವನ ಸಂದೇಶ ಮೂರನೇ ಒಂದು ಭಾಗಕ್ಕೆ ತುಂಡಾಗುತ್ತದೆ, ಉಳಿದ 14 ಬೈಟು ಮುಂದಿನ ಸಂದೇಶದ ತಲೆಯ ಮೇಲೆ ಕೂರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಪರೀಕ್ಷಿಸಿದವನಿಗೆ ಈ ತಪ್ಪು ಯಾವತ್ತೂ ಸಿಗುವುದಿಲ್ಲ. ಉದ್ದ ಅಳೆಯಬೇಕಾದ್ದು ಬೈಟುಗಳಾದ ಮೇಲೆ.

ಅದೇ ಪದ ಬೇರೆಬೇರೆ ರೂಪದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ: ಪಿಕಲ್ಲಿನ ನಾಲ್ಕನೇ ಆವೃತ್ತಿಯಲ್ಲಿ 36 ಬೈಟು, ಸೊನ್ನೆಯ ಆವೃತ್ತಿಯಲ್ಲಿ 48. ಪೈಥಾನಿನ ಜೆಸನ್ ಮಾಡ್ಯೂಲು ಏನೂ ಹೇಳದಿದ್ದರೆ ಪ್ರತಿ ಕನ್ನಡ ಸಂಕೇತವನ್ನು ಆರು ಆಸ್ಕಿ ಚಿಹ್ನೆಗಳ, ಅಂದರೆ ಇಂಗ್ಲಿಷ್ ಅಕ್ಷರ-ಅಂಕೆ-ಚಿಹ್ನೆಗಳ, ಗುರುತಾಗಿ ಬರೆಯುವುದರಿಂದ 44. ಆಸ್ಕಿಗೆ ಇಳಿಸಬೇಡ ಎಂದು ಹೇಳಿದರೆ ಉದ್ಧರಣ ಚಿಹ್ನೆ ಸೇರಿ 23ಕ್ಕೆ ಇಳಿಯುತ್ತದೆ. ಕನ್ನಡ ದಾಖಲೆ ಕಳಿಸುವವರು ಈ ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು, ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ.

ಇನ್ನೊಂದು ತೊಡಕು ಎಚ್.ಡಿ.ಕೋಟೆಯ ಪೂರ್ಣ ಹೆಸರಾದ ಹೆಗ್ಗಡದೇವನಕೋಟೆಯಲ್ಲೇ ಇದೆ. ದೀರ್ಘ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ದೀರ್ಘ ಏಕಾರವನ್ನು ಒಂದಾಗಿ ಅಥವಾ ಎರಡಾಗಿ. ಮೊದಲ ರೀತಿಯಲ್ಲಿ ಊರಿನ ಹೆಸರು 14 ಸಂಕೇತ, 42 ಬೈಟು. ಎರಡನೇ ರೀತಿಯಲ್ಲಿ 17 ಸಂಕೇತ, 51 ಬೈಟು. ಪರದೆಯ ಮೇಲೆ ಎರಡೂ ಒಂದೇ. ಪೈಥಾನಿಗೆ ಮಾತ್ರ ಬೇರೆಬೇರೆ ಪದಗಳು, ಆದ್ದರಿಂದ ಡಿಕ್ಷನರಿಯಲ್ಲಿ ಒಂದೇ ತಾಲ್ಲೂಕಿಗೆ ಎರಡು ಲೆಕ್ಕ ತೆರೆದುಕೊಳ್ಳುತ್ತವೆ. ಪಿಕಲ್ ಆಗಲಿ ಜೆಸನ್ ಆಗಲಿ ಇದನ್ನು ಸರಿಪಡಿಸುವುದಿಲ್ಲ. ಕಳಿಸುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲಿನಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು.

ಪೈಥಾನಿನ ಒಳಗಿನ ಬಳಕೆ

ಪೈಥಾನಿನ ಸ್ವಂತ ಮಾಡ್ಯೂಲುಗಳಲ್ಲೇ ಈ ತಂತ್ರ ಎರಡು ಕಡೆ ಇದೆ. ಪ್ರೋಗ್ರಾಮಿನ ದಿನಚರಿ ದಾಖಲಿಸುವ ಲಾಗಿಂಗ್ ಮಾಡ್ಯೂಲಿನ ಸಾಕೆಟ್‌ಹ್ಯಾಂಡ್ಲರ್, ದಾಖಲೆಯನ್ನು ಪಿಕಲ್ ಮಾಡಿ ಮುಂದೆ ನಾಲ್ಕು ಬೈಟಿನ ಉದ್ದ ಹಚ್ಚಿ ಕಳಿಸುತ್ತದೆ. ಟಿಸಿಪಿಗೆ ಗೊತ್ತುಮಾಡಿದ ಬಾಗಿಲು, ಅಂದರೆ ಪೋರ್ಟ್, 9020. ದಾಖಲೆಯ ಆಬ್ಜೆಕ್ಟನ್ನೇ ಕಳಿಸದೆ ಅದರ ಒಳಗಿನ ಅಂಶಗಳ ಡಿಕ್ಷನರಿಯನ್ನಷ್ಟೇ ಕಳಿಸುವುದು ಅದರ ಜಾಣತನ. ಹೀಗಾಗಿ ಎರಡೂ ತುದಿಯ ಕ್ಲಾಸುಗಳು ತದ್ವತ್ ಒಂದೇ ಆಗಿರಬೇಕಿಲ್ಲ.

ಎರಡನೆಯದು 2008ರಲ್ಲಿ ಪೈಥಾನ್ 2.6ರೊಡನೆ ಬಂದ ಮಲ್ಟಿಪ್ರೊಸೆಸಿಂಗ್. ಅದರ ಲಿಸನರ್ ಮತ್ತು ಕ್ಲೈಂಟ್ ಬಳಸಿದರೆ ಗಡಿಗುರುತಿನ ಗೊಡವೆಯೇ ಇಲ್ಲ, ಒಳಗೇ ಅದು ನಡೆಯುತ್ತದೆ. ಎರಡೂ ತುದಿಗೆ ಒಂದು ಗುಟ್ಟಿನ ಕೀಲಿ ಕೊಟ್ಟರೆ, ಕೀಲಿಯನ್ನು ಜಾಲದ ಮೇಲೆ ಹರಿಬಿಡದೆಯೇ ಅದು ಇದೆ ಎಂದು ಒಬ್ಬರಿಗೊಬ್ಬರು ರುಜುವಾತು ಮಾಡುತ್ತಾರೆ. ಸ್ವಂತ ಬರೆಯುವ ಮೊದಲು ಇದನ್ನು ನೋಡಬೇಕಾದ್ದು ನ್ಯಾಯ. ಬಹಳ ಜನ ನೋಡುವುದಿಲ್ಲ.

ಅಪಾಯ

ಪಿಕಲ್ ಬಿಚ್ಚುವುದೆಂದರೆ ಬಂದ ಅಪ್ಪಣೆಗಳನ್ನು ನಡೆಸುವುದು. ಇಂಥ ಮಾಡ್ಯೂಲಿನಿಂದ ಇಂಥದನ್ನು ತಂದು ಕರೆ ಎಂಬ ಅಪ್ಪಣೆಯಲ್ಲಿ ಬೇಲ್ ಕ್ಲಾಸಿನ ಬದಲು ಕಾರ್ಯಾಚರಣ ವ್ಯವಸ್ಥೆಗೆ ಆದೇಶ ಕೊಡುವ ಫಂಕ್ಷನ್ನಿನ ಹೆಸರಿದ್ದರೆ, ಅದೂ ಅಷ್ಟೇ ವಿಧೇಯವಾಗಿ ನಡೆಯುತ್ತದೆ. ಇದು ಪಿಕಲ್ಲಿನ ದೋಷವಲ್ಲ, ಅದರ ರಚನೆಯೇ ಹಾಗೆ; ಆದ್ದರಿಂದ ತಿದ್ದುಪಡಿಯೂ ಇಲ್ಲ. ಬಿಚ್ಚಿದ ಮೇಲೆ ಪರಿಶೀಲಿಸುತ್ತೇನೆ ಎನ್ನುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತದೆ. ನಂಬಿಕೆಯಿಲ್ಲದ ಕಡೆಯಿಂದ ಬಂದದ್ದನ್ನು ಬಿಚ್ಚಬೇಡಿ ಎಂದು ಪೈಥಾನಿನ ಅಧಿಕೃತ ಕೈಪಿಡಿ ಎಚ್ಚರಿಸುತ್ತದೆ.

ಎಚ್ಚರಿಕೆ ಇದ್ದೂ ದೊಡ್ಡವರೇ ಎಡವಿದ್ದಾರೆ. ಮೆಟಾ ಕಂಪನಿಯ ಲಾಮಾ ಸ್ಟ್ಯಾಕ್ ಎಂಬ ತಂತ್ರಾಂಶ ಜೀರೋಎಂಕ್ಯೂ ಸಾಕೆಟ್ಟಿನಿಂದ ಬಂದ ಆಬ್ಜೆಕ್ಟನ್ನು ನೇರ ಪಿಕಲ್ಲಿನಿಂದ ಬಿಚ್ಚುತ್ತಿತ್ತು. ಸಿವಿಇ-2024-50050 ಎಂದು ದಾಖಲಾದ ಈ ದೋಷವನ್ನು 2024ರ ಅಕ್ಟೋಬರಿನಲ್ಲಿ ಸರಿಪಡಿಸಲಾಯಿತು, ಪಿಕಲ್ ತೆಗೆದು ಜೆಸನ್ ಹಾಕಿ. 2025ರಲ್ಲಿ ವಿಎಲ್‌ಎಲ್‌ಎಂ ಎಂಬ ಜನಪ್ರಿಯ ತಂತ್ರಾಂಶದ ಒಂದು ಭಾಗದಲ್ಲಿ ಇದೇ ಬಗೆಯ ತಪ್ಪು ಸಿಕ್ಕಿ, ತೀವ್ರತೆಯಲ್ಲಿ ಹತ್ತಕ್ಕೆ ಹತ್ತು ಅಂಕ ಪಡೆಯಿತು. ಅದರ ಸಾಕೆಟ್ಟು ಯಂತ್ರದ ಎಲ್ಲ ಜಾಲ ಸಂಪರ್ಕಗಳ ಮೇಲೂ ಕಿವಿಗೊಟ್ಟು ಕೂತಿತ್ತು. ಬೇರೆ ತಂತ್ರಾಂಶಗಳು ಬೇಗ ಬುದ್ಧಿ ಕಲಿತವು: ಜಾಂಗೊ 2013ರಲ್ಲಿ ಬಳಕೆದಾರರ ಸೆಷನ್ ಮಾಹಿತಿಗೆ, ಸೆಲರಿ 2016ರಲ್ಲಿ ಕೆಲಸಗಳ ರವಾನೆಗೆ ಪಿಕಲ್ ಬಿಟ್ಟು ಜೆಸನ್ನನ್ನು ರೂಢಿ ಮಾಡಿದವು. ದೂರದ ಆಬ್ಜೆಕ್ಟನ್ನು ಪಕ್ಕದಲ್ಲೇ ಇರುವಂತೆ ಬಳಸಲು ಇರ್ಮೆನ್ ಡಿ ಯಾಂಗ್ ಬರೆದ ಪೈರೋ ಗ್ರಂಥಾಲಯದ ಐದನೇ ಪೀಳಿಗೆಯಲ್ಲಿ ಪಿಕಲ್ಲಿಗೆ ಜಾಗವೇ ಇಲ್ಲ.

ಪಿಕಲ್ ಬಿಡಲಾಗದ ಕಡೆ ಮಾಡಬಹುದಾದ ಕೆಲಸಗಳಿವೆ. ಒಂದೇ ಯಂತ್ರದೊಳಗಿನ ಕೆಲಸವಾದರೆ ಸಾಕೆಟ್ಟನ್ನು 127.0.0.1ಕ್ಕೆ ಮಾತ್ರ ಕಟ್ಟಬೇಕು. ಯಂತ್ರ ದಾಟುವುದಾದರೆ ಪ್ರತಿ ಸಂದೇಶಕ್ಕೂ ಎಚ್‌ಮ್ಯಾಕ್ ಸಹಿ ಹಾಕಿ, ಬಿಚ್ಚುವ ಮೊದಲೇ ಸಹಿ ತಾಳೆ ನೋಡಬೇಕು. ಬಿಚ್ಚಿದ ಮೇಲೆ ನೋಡುವ ಸಹಿಗೆ ಬೆಲೆಯಿಲ್ಲ. ಟಿಎಲ್‌ಎಸ್ ಹಾಕಿದ್ದೇವೆ ಎಂಬ ಸಮಾಧಾನ ಅರ್ಧದ್ದು: ದಾರಿಯಲ್ಲಿ ಕಳ್ಳ ಕದಿಯದಂತೆ ಅದು ಕಾಯುತ್ತದೆ, ಆಚೆ ತುದಿಯಲ್ಲಿ ಕೂತವನೇ ಕಳ್ಳನಾದರೆ ಏನೂ ಮಾಡದು. ಬಿಚ್ಚುವಾಗ ಒಪ್ಪುವ ಕ್ಲಾಸುಗಳ ಹೆಸರನ್ನು ಪಟ್ಟಿ ಮಾಡಿ ಉಳಿದದ್ದನ್ನು ತಡೆಯುವ ಉಪಾಯವೂ ಕೈಪಿಡಿಯಲ್ಲಿದೆ. ಆ ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಬದಲಿ ರೂಪಗಳು

ಜೆಸನ್ ಎಲ್ಲ ಭಾಷೆಗಳಿಗೂ ಅರ್ಥವಾಗುತ್ತದೆ, ಬಿಚ್ಚುವಾಗ ಏನನ್ನೂ ನಡೆಸುವುದಿಲ್ಲ. ಬದಲಿಗೆ ಕೆಲವನ್ನು ಕಳೆದುಕೊಳ್ಳಬೇಕು. ಟ್ಯೂಪಲ್ ಲಿಸ್ಟಾಗುತ್ತದೆ, ದಿನಾಂಕ ಮತ್ತು ಸೆಟ್ ಹೋಗುವುದಿಲ್ಲ, ಡಿಕ್ಷನರಿಯ ಕೀಲಿಯಾಗಿದ್ದ ಬೇಲ್ ಸಂಖ್ಯೆ ಆಚೆ ಬದಿಗೆ ಪಠ್ಯವಾಗಿ ತಲುಪುತ್ತದೆ. ಮೂರು ಬೇಲ್‌ಗಳ ಒಬ್ಬ ಬೆಳೆಗಾರ ಮೂವರಾಗುತ್ತಾನೆ. ಬೆಳೆಗಾರರ ಗುರುತು ಸಂಖ್ಯೆಯನ್ನು ಬೇಲ್‌ನಲ್ಲಿ ಬರೆದು, ಬೆಳೆಗಾರರ ಪಟ್ಟಿಯನ್ನು ಬೇರೆಯಾಗಿ ಕಳಿಸುವುದು ಇದಕ್ಕೆ ದಾರಿ. ಗೂಗಲ್ 2008ರಲ್ಲಿ ಎಲ್ಲರಿಗೂ ತೆರೆದ ಪ್ರೋಟೊಕಾಲ್ ಬಫರ್ಸ್‌ನಲ್ಲಿ ಮೊದಲೇ ದಾಖಲೆಯ ನಕ್ಷೆ ಬರೆದಿಡಬೇಕು, ಪ್ರತಿಫಲವಾಗಿ ಆವೃತ್ತಿಗಳ ಗೊಂದಲ ತಗ್ಗುತ್ತದೆ. ಮೆಸೇಜ್‌ಪ್ಯಾಕ್, ಸಿಬಾರ್ ಇವು ಜೆಸನ್ನಿನ ಬೈನರಿ ದಾಯಾದಿಗಳು.

ದೊಡ್ಡ ಅಂಕೆಪಟ್ಟಿಗಳ ಮಾತು ಬೇರೆ. ಪಿಕಲ್ಲಿನ ಐದನೇ ಆವೃತ್ತಿ ನಂಪೈ ಅಂಕೆಪಟ್ಟಿಯ ಒಡಲನ್ನು ಪ್ರತಿ ಮಾಡದೆ ಹೊರಗಿನಿಂದಲೇ ಸಾಗಿಸುವ ಅನುಕೂಲ ಕೊಡುತ್ತದೆ. ಆದರೂ ವಿವೇಚನೆ ಬೇಕು. ನಾಗರಹೊಳೆಯಲ್ಲಿ ಹುಲಿ ಎಣಿಸಲು 1990ರ ದಶಕದಿಂದ ಬಳಸುವ ಕ್ಯಾಮೆರಾ ಟ್ರ್ಯಾಪ್‌ನಂಥದ್ದು ತೆಗೆದ 4000×3000 ಬಿಂದುಗಳ ಬಣ್ಣದ ಚಿತ್ರವನ್ನು ಅಂಕೆಪಟ್ಟಿಯಾಗಿ ಬಿಚ್ಚಿ ಕಳಿಸಿದರೆ 3 ಕೋಟಿ 60 ಲಕ್ಷ ಬೈಟು. ಕ್ಯಾಮೆರಾ ಉಳಿಸಿದ ಜೆಪೆಗ್ ಕಡತವನ್ನೇ ಕಳಿಸಿದರೆ ಅದರ ಸಣ್ಣ ಭಾಗ ಸಾಕು.

ಕಳಿಸುವ ತುದಿಯಲ್ಲಿ ಪೈಥಾನೇ ಇಲ್ಲದ ಸಂದರ್ಭಗಳೂ ಉಂಟು. 1988ರಲ್ಲಿ ಬರ ಪರಿಶೀಲನಾ ಘಟಕವಾಗಿ ಆರಂಭವಾದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಕೆ.ಆರ್.ನಗರ ತಾಲ್ಲೂಕುಗಳೂ ಸೇರಿದಂತೆ ರಾಜ್ಯದ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟಿದೆ; ಅವು 15 ನಿಮಿಷಕ್ಕೊಮ್ಮೆಯ ಅಳತೆಯನ್ನು ಮೊಬೈಲ್ ಜಾಲದಿಂದ ಬೆಂಗಳೂರಿಗೆ ಮುಟ್ಟಿಸುತ್ತವೆ. ಅಂಥ ಸಾಧನವೊಂದಕ್ಕೆ ದಾಖಲೆ ರೂಪಿಸುವುದಾದರೆ ಕೇಂದ್ರದ ಸಂಖ್ಯೆಗೆ ನಾಲ್ಕು ಬೈಟು, ಸಮಯಕ್ಕೆ ನಾಲ್ಕು, ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ ಅಳೆದ ಮಳೆಗೆ ಎರಡು, ಒಟ್ಟು ಹತ್ತು ಬೈಟು ಸಾಕು. ದಿನಕ್ಕೆ 96 ಅಳತೆ, 960 ಬೈಟು. ಪಡೆಯುವ ಪೈಥಾನ್ ಇದನ್ನು ಸ್ಟ್ರಕ್ಟ್‌ನ ಒಂದೇ ಕರೆಯಲ್ಲಿ ಬಿಚ್ಚುತ್ತದೆ, ಪಿಕಲ್ಲಿನ ಪ್ರಸ್ತಾಪವೇ ಬರುವುದಿಲ್ಲ. ಜೆಸನ್ನಿನಲ್ಲಿ ಬರೆದರೆ ಇದರ ಹಲವು ಪಟ್ಟಾಗುತ್ತದೆ, ಆದರೆ ಇಂದಿನ ಜಾಲಕ್ಕೆ ಅದೊಂದು ಹೊರೆಯಲ್ಲ. ಹೊಸದಾಗಿ ಬರೆಯುವವರು ಮುಂದೆ ನಾಲ್ಕು ಬೈಟು ಉದ್ದ, ಹಿಂದೆ ಆಸ್ಕಿಗೆ ಇಳಿಸದ ಜೆಸನ್ ಎಂದು ಆರಂಭಿಸಿ, ಅಳತೆ ಮಾಡಿ ಸಾಲದು ಎಂದು ಕಂಡಾಗ ಮಾತ್ರ ಬೇರೆ ರೂಪಕ್ಕೆ ಹೋಗುವುದು ಒಳ್ಳೆಯದು.